ಹೆಚ್ಚಿದ್ದರೆ ಉಜ್ಜಿದರಾಯಿತು

ನಮ್ಮ ಅತ್ತಿಗೆ ಹಲ್ಲು ಕಟ್ಟುವವರು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದ ಮೇಲೆ ಆ ಅಚ್ಚಿಗೆ ಮೇಣದ ವಸಡು ಕೂರಿಸಿ, ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ ಸೆಟ್ಟು ತಯಾರು ಮಾಡುವವರು. ಎದುರಿಗೆ ಬಂದವರು ನಕ್ಕರೆ ನಾವೆಲ್ಲ ಮುಖ ನೋಡುತ್ತೇವೆ, ಅತ್ತಿಗೆ ಹಲ್ಲು ನೋಡುತ್ತಾರೆ. ಬಸ್ಸಿನಲ್ಲಿ ಯಾರೋ ಹಿರಿಯರು ಆಕಳಿಸಿದರೆ ಸಾಕು, "ಮೇಲಿನದು ನಮ್ಮದೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಆ ಹಿರಿಯರ ಹೆಸರು ಕೇಳಿ, ಗೊತ್ತಿರುವುದಿಲ್ಲ. ದವಡೆ ಮಾತ್ರ ಗೊತ್ತು.

ನಾನು ಅವರ ನಾದಿನಿ, ಬಸ್ ಕಂಡಕ್ಟರು. ನನ್ನ ಬಾಯಿ ಜೋರು ಎಂದು ಮನೆಯವರ ದೂರು. ಮೆಲ್ಲಗೆ ಮಾತಾಡಿಕೊಂಡು ಬಾಗಿಲಲ್ಲಿ ನಿಂತವರನ್ನು ಒಳಗೆ ಕಳಿಸಲು ಆಗುತ್ತದೆಯೇ, ಒಂದು ದಿನ ಬಂದು ಮಾಡಿ ನೋಡಲಿ. ಅತ್ತಿಗೆಯ ಕಥೆಯನ್ನು ಅತ್ತಿಗೆಯೇ ಹೇಳಬೇಕಿತ್ತು. ಆದರೆ ಅವರು ಹೇಳಲು ಕೂತರೆ ಮೊದಲು ಪೀಠಿಕೆಯನ್ನು ದಪ್ಪಗೆ ಹಾಕಿ ಆಮೇಲೆ ಕೆರೆಯುತ್ತ ಬರುತ್ತಾರೆ. ಅಷ್ಟರಲ್ಲಿ ಕೇಳುವವರು ನಿದ್ದೆ ಹೋಗಿರುತ್ತಾರೆ. ಆದ್ದರಿಂದ ನಾನೇ ಹೇಳುತ್ತೇನೆ.

ಅವರು ಕೆಲಸ ಮಾಡುವ ಕೋಣೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೆಳಗೆ, ಅರ್ಧ ನೆಲದೊಳಗೆ ಇದೆ. ಕಿಟಕಿಯಿಂದ ಬೀದಿ ನೋಡಿದರೆ ಜನ ಕಾಣುವುದಿಲ್ಲ, ಚಪ್ಪಲಿ ಕಾಣುತ್ತವೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಬಿಳಿ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಆ ದವಡೆಯವರ ಹೆಸರು. ಒಂದು ಮೂಲೆಯಲ್ಲಿ ಮೇಣ ಕರಗಿಸುವ ಸಣ್ಣ ದೀಪ, ಇನ್ನೊಂದು ಮೂಲೆಯಲ್ಲಿ ಪಾಲಿಶ್ ಮಾಡುವ ಮಷೀನು. ಅದು ತಿರುಗುವಾಗ ಕೋಣೆಯೆಲ್ಲ ಹಿಟ್ಟು ಬೀಸಿದಂತೆ ಬಿಳಿ ಧೂಳು. ಅತ್ತಿಗೆ ಸಂಜೆ ಮನೆಗೆ ಬಂದಾಗ ಹುಬ್ಬು ನರೆತಿರುತ್ತದೆ, ಮುಖ ತೊಳೆದರೆ ಮತ್ತೆ ಪ್ರಾಯ ಬರುತ್ತದೆ.

ಅವರ ಕಸುಬಿನ ಮೊದಲ ನಿಯಮ: ಸ್ವಲ್ಪ ಹೆಚ್ಚಿಗೆ ಇಡು. ಮೇಣವಾಗಲಿ ವಸಡಾಗಲಿ, ಬೇಕಾದ್ದಕ್ಕಿಂತ ಒಂದು ಪದರ ದಪ್ಪಗಿರಬೇಕು. ಸೆಟ್ಟು ಬಾಯಿಗೆ ಕೂತ ಮೇಲೆ ಹಲ್ಲುಗಳ ನಡುವೆ ಒಂದು ತೆಳು ನೀಲಿ ಕಾಗದ ಇಟ್ಟು ಕಚ್ಚಲು ಹೇಳುತ್ತಾರೆ. ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯನ್ನು ಉಜ್ಜಿದರೆ ಸರಿಹೋಯಿತು. ಹೆಚ್ಚಿದ್ದರೆ ಉಜ್ಜಬಹುದು, ಕಡಿಮೆಯಾದರೆ ಮತ್ತೆ ಮೊದಲಿನಿಂದ ಮಾಡಬೇಕು. ಇದು ಹಲ್ಲಿನ ಮಟ್ಟಿಗೆ ಸರಿ. ಆದರೆ ಅತ್ತಿಗೆ ಈ ನಿಯಮವನ್ನು ಕೋಣೆಯಲ್ಲೇ ಬಿಟ್ಟು ಬರುವುದಿಲ್ಲವಲ್ಲ. ಅಡುಗೆಗೆ ನಿಂತರೆ ನಾಲ್ವರಿಗೆ ಬದಲು ಆರು ಮಂದಿಗಾಗುವಷ್ಟು. ನನ್ನ ಯೂನಿಫಾರ್ಮಿನ ಪ್ಯಾಂಟು ಹೊಲಿದರೆ ಕೆಳಗೆ ಒಂದು ಗೇಣು ಬಟ್ಟೆ ಮಡಚಿ ಒಳಗೆ ಸೇರಿಸಿರುತ್ತಾರೆ, ನಾನಿನ್ನೂ ಬೆಳೆಯುವವಳೇನೋ ಎಂಬಂತೆ. ಎಲ್ಲಿಗೆ ಹೊರಟರೂ ಅರ್ಧ ಗಂಟೆ ಮುಂಚೆ ಹೋಗಿ ಬಸ್‌ ಸ್ಟಾಪಿನಲ್ಲಿ ನಿಂತಿರುತ್ತಾರೆ. ಏನು ಕೇಳಿದರೂ ಒಂದೇ ಉತ್ತರ, ಹೆಚ್ಚಿದ್ದರೆ ಉಜ್ಜಿದರಾಯಿತು.

ಈ ಕೆಲಸವನ್ನು ಅವರು ಕಲಿತದ್ದು ಮದುವೆಯಾದ ಮೇಲೆ, ಜೊತೆಯವರೆಲ್ಲ ಓದು ಮರೆತಿದ್ದ ವಯಸ್ಸಿನಲ್ಲಿ. ಮೊದಲು ಅದೇ ಕೋಣೆಯಲ್ಲಿ ಪಾತ್ರೆ ತೊಳೆದು, ಪ್ಲಾಸ್ಟರು ಕಲಸಿ ಕೊಡುತ್ತಿದ್ದರು. ಅಲ್ಲಿನ ಯಜಮಾನರು ಒಳ್ಳೆಯವರು. ಅವರೇ, ನಿನ್ನ ಕೈ ಚೆನ್ನಾಗಿದೆ, ಸರಿಯಾಗಿ ಓದಿಕೊಂಡು ಬಾ, ಎಂದು ಬೆನ್ನು ಹತ್ತಿದ್ದು. ಕಾಲೇಜಿನ ಶುಲ್ಕ ನಮ್ಮ ಮನೆಯ ಕೈಗೆ ಎಟುಕುವಂಥದ್ದಲ್ಲ. ಅಣ್ಣ ಲಿಫ್ಟ್ ರಿಪೇರಿ ಮಾಡುವವನು, ಅವನ ಸಂಬಳ ತಿಂಗಳ ಮಧ್ಯಕ್ಕೇ ನೆಲಮಹಡಿ ತಲುಪುತ್ತಿತ್ತು. ಉಳಿದದ್ದು ಶಿಕ್ಷಣ ಸಾಲ. ಅದಕ್ಕೆ ಯಾರಾದರೂ ಜಾಮೀನು ಸಹಿ ಹಾಕಬೇಕು.

ಹಾಕಿದವರು ನಮ್ಮ ಅಮ್ಮ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದವಳು, ಸಣ್ಣದೊಂದು ಪಿಂಚಣಿ ಇತ್ತು. ಜೀವಮಾನದಲ್ಲಿ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆಯನ್ನೂ ಕಡ ತಂದವಳಲ್ಲ. ಸಹಿ ಹಾಕಿ ಪೆನ್ನು ಮುಚ್ಚಿ, ನನಗೆ ಇವಳ ಮೇಲೆ ನಂಬಿಕೆ ಇದೆ, ಕಾಗದದ ಮೇಲಿಲ್ಲ, ಎಂದಳು. ಅತ್ತಿಗೆ ಆವತ್ತೇ ಮಾತು ಕೊಟ್ಟರು, ಅತ್ತೆಯ ಸಹಿ ಬಿಡಿಸುವ ತನಕ ಬೇರೆ ಯಾವ ದೊಡ್ಡ ಕೆಲಸಕ್ಕೂ ಕೈ ಹಾಕುವುದಿಲ್ಲ ಎಂದು.

ಓದು ಮುಗಿದು ಅತ್ತಿಗೆ ಅದೇ ಕೋಣೆಗೆ ಕಾರಿಗರಾಗಿ ಮರಳಿದಾಗ ಸಾಲದ ಕಂತು ಸಂಬಳದಲ್ಲೇ ಕಡಿತವಾಗತೊಡಗಿತು. ಯಜಮಾನರು ಅದನ್ನು ಕಳೆದು ಸಾಲದ ಕಚೇರಿಗೆ ಕಳಿಸಿ, ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. ಪ್ರತಿ ಒಂದನೇ ತಾರೀಖು ಎಲ್ಲರಿಗಿಂತ ಮೊದಲು ಆ ಸಾಲದ ಎಲೆಗೆ ಬಡಿಸಬೇಕು, ಎಷ್ಟು ಬಡಿಸಿದರೂ ಅದು ಎದ್ದು ಹೋಗುವುದಿಲ್ಲ. ಹಾಗಾಗಿ ನಾನು ಅದಕ್ಕೆ ಅಳಿಯ ಎಂದು ಹೆಸರಿಟ್ಟೆ. ಮಗಳಿಗೆ ಮದುವೆಯಾಗುವ ಮೊದಲೇ ಮನೆಗೆ ಅಳಿಯ ಬಂದು ಕೂತ ಎಂದು ಅಮ್ಮ ನನ್ನತ್ತ ಒಂದು ಬಾಣ ಬಿಟ್ಟಳು. ಅಂದಿನಿಂದ ಒಂದನೇ ತಾರೀಖು ಬಂತೆಂದರೆ ಅಮ್ಮ ಅತ್ತಿಗೆಯನ್ನು ಬಾಗಿಲಲ್ಲೇ ಹಿಡಿದು ಕೇಳುತ್ತಿದ್ದಳು, ಅಳಿಯನಿಗೆ ಬಡಿಸಿದ್ಯಾ? ಅತ್ತಿಗೆ ಬಡಿಸಿದೆ ಎಂದ ಮೇಲೆಯೇ ಅವಳಿಗೆ ಊಟ ಸೇರುತ್ತಿದ್ದದ್ದು.

ಇದೇ ವರ್ಷಗಳಲ್ಲಿ ಅಮ್ಮನ ಹಲ್ಲು ಒಂದೊಂದಾಗಿ ಉದುರಿದವು. ಡಾಕ್ಟರು, ಯಜಮಾನರು, ನಾವು, ಎಲ್ಲರೂ ಸೆಟ್ಟು ಕಟ್ಟಿಸಿಕೊಳ್ಳಲು ಹೇಳಿ ಸಾಕಾಯಿತು. ಅಮ್ಮನದು ಒಂದೇ ಹಟ. ಸಾಲ ತೀರುವ ತನಕ ತನ್ನ ಬಾಯಿಗೆ ಯಾರೂ ಖರ್ಚು ಮಾಡಕೂಡದು. ಬ್ರೆಡ್ಡು ಹಾಲಿನಲ್ಲಿ ನೆನೆಸಿ ತಿನ್ನುವಳು, ಸೇಬಿನ ಹಣ್ಣನ್ನು ಮೂಸಿ ನನ್ನ ಕೈಗೆ ಕೊಡುವಳು. ನಗು ಬಂದರೆ ಕೈ ತಾನಾಗಿ ಬಾಯಿಗೆ ಅಡ್ಡ ಹೋಗುವುದು. ನನ್ನ ಅಮ್ಮ ಮೊದಲು ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದವಳು. ನನ್ನ ಬಾಯಿ ಎಲ್ಲಿಂದ ಬಂತೆಂದುಕೊಂಡಿರಿ. ಊರಿಗೆಲ್ಲ ಹಲ್ಲು ಕಟ್ಟುವವಳ ಮನೆಯಲ್ಲೇ ಅತ್ತೆ ಬೊಚ್ಚುಬಾಯಿ ಎಂದು ಯಾರೋ ಆಡಿಕೊಂಡದ್ದು ಅತ್ತಿಗೆಯ ಕಿವಿಗೆ ಬಿತ್ತು. ಆ ದಿನ ಅವರು ಊಟ ಮಾಡಲಿಲ್ಲ. ನನಗೂ ಸಂಕಟವಾಯಿತು, ಆಡಿಕೊಂಡವರ ಮೇಲೆ ಸಿಟ್ಟೂ ಬಂತು.

ಹೀಗಿರುವಾಗ ಯಜಮಾನರಿಗೆ ಕಣ್ಣು ಮಂಜಾಯಿತು. ತಿಂಗಳ ಕೊನೆಗೆ ಕೆಲಸ ನಿಲ್ಲಿಸುತ್ತೇನೆ, ಮಷೀನುಗಳನ್ನು ನಿನಗೇ ಬಿಟ್ಟುಕೊಡುತ್ತೇನೆ, ಕೋಣೆಯನ್ನು ನಿನ್ನ ಹೆಸರಿಗೆ ಬಾಡಿಗೆಗೆ ಹಿಡಿದುಕೋ, ಎಂದರು. ಅತ್ತಿಗೆಗೆ ಇದಕ್ಕಿಂತ ಬೇರೆ ಭಾಗ್ಯ ಬೇಡ. ಮೇಲಿನ ಕ್ಲಿನಿಕ್ಕಿನಿಂದ ಕೆಲಸ ತಾನಾಗಿ ಮೆಟ್ಟಿಲಿಳಿದು ಬರುವ ಜಾಗ ಅದು. ಬೇರೆ ಕಡೆ ಹೋದರೆ ಡಾಕ್ಟರು ಅಷ್ಟು ದೂರ ಕಳಿಸುವುದಿಲ್ಲ, ದೊಡ್ಡ ಲ್ಯಾಬಿನವರ ಪಾಲಾಗುತ್ತದೆ. ಆದರೆ ಕೋಣೆಯ ಮಾಲೀಕರಿಗೆ ತಿಂಗಳೊಳಗೆ ಅಡ್ವಾನ್ಸ್ ಕೊಡಬೇಕು. ಇಲ್ಲದಿದ್ದರೆ ಅಲಂಕಾರದ ಮೀನು ಮಾರುವವರೊಬ್ಬರು ದುಡ್ಡು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಆ ಮನುಷ್ಯ ಆಗಲೇ ಬಂದು, ದವಡೆಗಳಿರುವ ಹಲಗೆ ಅಳೆದು, ಇಲ್ಲಿ ಗಾಜಿನ ತೊಟ್ಟಿ ಚೆನ್ನಾಗಿ ಕೂರುತ್ತದೆ ಎಂದು ಹೇಳಿ ಹೋಗಿದ್ದರು.

ಅತ್ತಿಗೆ ಅಡ್ವಾನ್ಸಿಗೆಂದು ವರ್ಷಗಳಿಂದ ಹಲ್ಲು ಕಚ್ಚಿ ಕೂಡಿಟ್ಟಿದ್ದರು. ಆದರೆ ಅಮ್ಮನಿಗೆ ಕೊಟ್ಟ ಮಾತೊಂದಿತ್ತಲ್ಲ, ಮೊದಲು ಸಾಲ ತೀರಬೇಕು. ಫೋನಿನಲ್ಲಿ ಸಾಲದ ಬಾಕಿ ನೋಡಿದರು. ಕೂಡಿಟ್ಟದ್ದು, ಕೆಲಸ ನಿಲ್ಲಿಸುವುದೆಂದು ಯಜಮಾನರು ಮುಂಚೆಯೇ ಕೈಗೆ ಕೊಟ್ಟ ಇಡುಗಂಟು, ಎರಡೂ ಸೇರಿಸಿದರೆ ಸಾಲಕ್ಕೆ ಸರಿಹೋಗುತ್ತಿತ್ತು. ಕೋಣೆಗೆ ಏನೂ ಉಳಿಯುತ್ತಿರಲಿಲ್ಲ. ಸಾಲವೋ, ಕೋಣೆಯೋ, ಎರಡರಲ್ಲಿ ಒಂದು.

ಭಾನುವಾರ ಅಡುಗೆಮನೆಯಲ್ಲಿ ನಾವು ನಾಲ್ವರೂ ಕೂತಿದ್ದಾಗ ಅತ್ತಿಗೆ ತಮ್ಮ ತೀರ್ಮಾನ ಹೇಳಿದರು. ಕೋಣೆ ಬೇಡ ಎಂದು ಮಾಲೀಕರಿಗೆ ತಿಳಿಸುತ್ತೇನೆ, ದೊಡ್ಡ ಲ್ಯಾಬಿನಲ್ಲಿ ಕೆಲಸ ಕೇಳುತ್ತೇನೆ, ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಸಾಲ ಚುಕ್ತಾ ಮಾಡುತ್ತೇನೆ. ಅಮ್ಮ, ಕೋಣೆ ಹಿಡಿ ಮಗಳೇ, ಸಾಲ ನಿಧಾನಕ್ಕೆ ತೀರಲಿ, ನಾನೇನು ಓಡಿಹೋಗುತ್ತೇನಾ, ಎಂದಳು. ಅತ್ತಿಗೆ ಆಗದೆಂದು ತಲೆಯಾಡಿಸಿಬಿಟ್ಟರು. ಅಳಲಿಲ್ಲ, ಆದರೆ ಪಾತ್ರೆ ಒರೆಸಿದ್ದನ್ನೇ ಒರೆಸುತ್ತಿದ್ದರು. ಆಮೇಲೆ ತಮ್ಮ ಮಾಮೂಲಿ ಮಾತಿಗೆ ಬಂದರು.

"ಬಾಕಿ ಎಷ್ಟು ತೋರಿಸ್ತಿದೆಯೋ ಅಷ್ಟು, ಅದರ ಮೇಲೆ ಒಂದಿಷ್ಟು ಹೆಚ್ಚಿಗೆ ಹಾಕಿ ಕಟ್ಟಿಬಿಡ್ತೀನಿ. ಬಡ್ಡಿ ಗಿಡ್ಡಿ ಅಂತ ಚೂರು ಉಳಿದ್ರೆ ಅತ್ತೆ ಸಹಿ ಬಿಡುಗಡೆ ಆಗೋದಿಲ್ಲ. ಹೆಚ್ಚಿದ್ರೆ ಉಜ್ಜಿದ್ರಾಯ್ತು."

ನನಗೆ ಸಿಟ್ಟು ಬಂತು. ಕೋಣೆ ಕೈಬಿಟ್ಟು ಹೋಗುವ ಸಂಕಟವೇ ಸಾಲದೆಂದು ಇವರು ಮೇಲೆ ದಾನ ಬೇರೆ ಮಾಡಹೊರಟಿದ್ದಾರೆ.

"ಯಾರು ಉಜ್ಜೋದು, ಅತ್ತಿಗೆ? ಹಲ್ಲು ನಿಮ್ಮ ಕೈಲಿರತ್ತೆ. ಕೊಟ್ಟ ಮೇಲೆ ದುಡ್ಡು ಅವರ ಕೈಲಿರತ್ತೆ. ನನ್ನ ಬಸ್ಸಲ್ಲಿ ಬಂದು ನೋಡಿ."

ನನ್ನ ಬಸ್ಸಿನಲ್ಲಿ ಆಗುವುದು ಇದು. ಬೆಳಿಗ್ಗೆ ಎಲ್ಲರೂ ದೊಡ್ಡ ನೋಟೇ ಚಾಚುತ್ತಾರೆ. ಚಿಲ್ಲರೆ ಇಲ್ಲದಾಗ ಕೊಡಬೇಕಾದ್ದನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತೇನೆ, ಇಳಿಯುವಾಗ ಕೇಳಿ ಇಸಕೊಳ್ಳಬೇಕು. ಅರ್ಧಕ್ಕರ್ಧ ಜನ ಫೋನು ನೋಡಿಕೊಂಡು ಇಳಿದೇ ಬಿಡುತ್ತಾರೆ. ಕೇಳಿದವರಿಗೆ ಕೊಡದೆ ಕಳಿಸಿದವಳಲ್ಲ ನಾನು. ಹಾಗೆಂದು ಬಸ್ಸು ನಿಲ್ಲಿಸಿ ಯಾರ ಹಿಂದೆಯೂ ಓಡಿದವಳೂ ಅಲ್ಲ. ಅದನ್ನೇ ಅತ್ತಿಗೆಗೆ ಹೇಳಿದೆ. ಕೊಡುವುದಕ್ಕೆ ಒಂದು ಕ್ಷಣ ಸಾಕು, ವಾಪಸ್ ಇಸಕೊಳ್ಳಲು ನೀವು ಸ್ಟಾಪು ಸ್ಟಾಪಿಗೆ ಕಾಯಬೇಕು. ಅಣ್ಣ ಅಪರೂಪಕ್ಕೆ ಬಾಯಿ ತೆರೆದು, ಮೇಲೆ ಹೋದ ಲಿಫ್ಟು ಕೆಳಗೆ ಬರಲೇಬೇಕು ಎಂದ. ನೀನು ರಿಪೇರಿ ಮಾಡಿದ್ದೂ ಬರುತ್ತದಾ ಎಂದು ಕೇಳಿದೆ. ಅವನು ಎದ್ದು ನೀರು ಕುಡಿಯಲು ಹೋದ.

ಅತ್ತಿಗೆ ಪಾತ್ರೆ ಕೆಳಗಿಟ್ಟು ಯೋಚಿಸಿದರು. ಅವರ ಒಂದು ಗುಣ ನನಗೆ ಇಷ್ಟ, ನಾನು ಎಷ್ಟು ಜೋರಾಗಿ ಹೇಳಿದರೂ ಅದರಲ್ಲಿ ಹುರುಳಿದ್ದರೆ ಆಯ್ದುಕೊಳ್ಳುತ್ತಾರೆ. ಹಾಗಾದರೆ ಕಟ್ಟುವ ಮೊದಲು ಸಾಲದ ಕಚೇರಿಗೆ ಹೋಗಿ, ಹೆಚ್ಚಿಗೆ ಹೋದದ್ದು ಯಾವಾಗ ವಾಪಸ್ ಬರುತ್ತದೆ ಎಂದು ಕೇಳಿಕೊಂಡೇ ಕಟ್ಟುತ್ತೇನೆ, ಎಂದರು. ಕೇಳಲು ಹೊರಟದ್ದು ಅಷ್ಟೇ, ಒಂದಿಷ್ಟು ಚಿಲ್ಲರೆಯ ವಿಚಾರ.

ಸೋಮವಾರ ನನಗೆ ವಾರದ ರಜೆ, ನಾನೂ ಜೊತೆಗೆ ಹೋದೆ. ಕಚೇರಿಯ ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ನಾವು ಮೆಟ್ಟಿಲ ಮೇಲಿದ್ದೆವು ಎಂದು ಬೇರೆ ಹೇಳಬೇಕಾಗಿಲ್ಲ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒಂದು ಫ್ಯಾನು, ಕೌಂಟರಿನಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು. ಅತ್ತಿಗೆ ಕೂತ ಕೂಡಲೇ ನನ್ನ ಕಿವಿಗೆ ಬಾಗಿ, ಮುಂದಿನದೊಂದು ಹಲ್ಲಿಗೆ ಕ್ಯಾಪು ಹಾಕಿಸಿದ್ದಾರೆ, ಬಣ್ಣ ಹೊಂದಿಲ್ಲ, ಎಂದರು. ನಾನು ಮೊಣಕೈಯಲ್ಲಿ ತಿವಿದೆ.

ಅತ್ತಿಗೆ ಕೇಳಿದ್ದಕ್ಕೆ ಆ ಹೆಂಗಸು, ಹೆಚ್ಚಿಗೆ ಬಂದದ್ದು ವಾಪಸ್ ಬರುತ್ತದೆ, ಅರ್ಜಿ ಕೊಡಬೇಕು, ಕೆಲವು ತಿಂಗಳೇ ಹಿಡಿಯಬಹುದು, ಎಂದರು. ನಾನು ಅತ್ತಿಗೆಯ ಕಡೆ ನೋಡಿದೆ, ಗೆದ್ದವಳ ನೋಟ. ಆದರೆ ಆಕೆ ಅಲ್ಲಿಗೆ ಬಿಡಲಿಲ್ಲ. ಕಂಪ್ಯೂಟರು ನೋಡಿಕೊಂಡು ಇಷ್ಟು ದಿನ ಹೇಗೆ ಕಟ್ಟುತ್ತಿದ್ದಿರಿ ಎಂದು ಕೇಳಿದರು. ಸಂಬಳದಲ್ಲಿ ಕಡಿತವಾಗುತ್ತದೆ ಎಂದು ಅತ್ತಿಗೆ ಹೇಳಿದ ತಕ್ಷಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಿದ್ರೆ ನೀವು ಫೋನಲ್ಲಿ ನೋಡಿದ್ದು ಇವತ್ತಿನ ಬಾಕಿ ಅಲ್ಲಮ್ಮ. ಹೋದ ವರ್ಷದ ಕೊನೇದು. ಈ ವರ್ಷ ನಿಮ್ಮ ಸಂಬಳದಲ್ಲಿ ಹಿಡಿದಿದ್ದು ಒಂದೂ ಇದರಲ್ಲಿ ಸೇರಿಲ್ಲ."

ಅತ್ತಿಗೆಗೆ ಅರ್ಥವಾಗಲಿಲ್ಲ, ನನಗಂತೂ ಮೊದಲೇ ಆಗಲಿಲ್ಲ. ಆಕೆ ಸಹನೆಯಿಂದ ಬಿಡಿಸಿ ಹೇಳಿದರು. ಕೆಲಸ ಕೊಟ್ಟವರು ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ, ಆದರೆ ಅದರಲ್ಲಿ ಯಾರದು ಎಷ್ಟು ಎಂಬ ಲೆಕ್ಕ ಕಚೇರಿಗೆ ತಲುಪುವುದು ವರ್ಷಕ್ಕೊಮ್ಮೆ. ಅಲ್ಲಿಯವರೆಗೂ ಬಾಕಿ ಇದ್ದಲ್ಲೇ ಇರುತ್ತದೆ. ಈಗ ವರ್ಷ ಮುಗಿಯುತ್ತ ಬಂದಿದೆ. ಫೋನು ತೋರಿಸಿದ್ದನ್ನು ಅತ್ತಿಗೆ ಪೂರ್ತಿ ಕಟ್ಟಿದ್ದರೆ ಈ ವರ್ಷದ ಕಂತುಗಳನ್ನೆಲ್ಲ ಎರಡನೇ ಸಲ ಕಟ್ಟಿದಂತಾಗುತ್ತಿತ್ತು. ಸಾಲ ತೀರಿದ ಮೇಲೂ, ಬೇಡ ಎಂದು ಹೇಳುವವರೆಗೆ, ಸಂಬಳದ ಕಡಿತ ನಡೆದೇ ಇರುತ್ತಿತ್ತು. ಸಾಲ ಮುಗಿಯುವ ಹೊತ್ತಿಗೆ ಎಷ್ಟೋ ಜನರಿಗೆ ಹೀಗಾಗುತ್ತದಂತೆ. ಅದಕ್ಕೇ ಕೊನೆಯ ವರ್ಷ ಸಂಬಳದ ಕಡಿತ ನಿಲ್ಲಿಸಿ, ತಮ್ಮ ಬ್ಯಾಂಕಿನಿಂದ ತಾವೇ ನೇರವಾಗಿ ಕಟ್ಟುವುದು ಒಳ್ಳೆಯದು ಎಂದರು. ಈ ವರ್ಷದ ಸಂಬಳದ ಚೀಟಿಗಳನ್ನು ತನ್ನಿ, ಅವುಗಳನ್ನು ಕಳೆದು ನಿಜವಾದ ಕೊನೆಯ ಮೊತ್ತ ಹೇಳುತ್ತೇನೆ.

ನನಗೆ ಕುಣಿದಾಡುವಂತಾಯಿತು. ಅತ್ತಿಗೆಯ ಮುಖ ನೋಡಿದರೆ ಬಿಳುಚಿಕೊಂಡಿದೆ. ಏನಾಯಿತೆಂದು ಬೀದಿಗೆ ಬಂದ ಮೇಲೆ ಹೇಳಿದರು. ಸಂಬಳದ ಚೀಟಿಗಳಿವೆ, ಎಲ್ಲೂ ಹೋಗಿಲ್ಲ. ಪ್ಲಾಸ್ಟರು ಕಲಸುವ ಬಟ್ಟಲಿನ ಕೆಳಗಿವೆ.

ಆಗಿದ್ದು ಇಷ್ಟು. ಯಜಮಾನರು ಕೊಡುತ್ತಿದ್ದ ಚೀಟಿ ದಪ್ಪ ಕಾಗದದ್ದು. ಅದನ್ನು ಓದಿ ಒಳಗಿಡುವ ಅಭ್ಯಾಸ ಅತ್ತಿಗೆಗೆ ಇಲ್ಲ. ಕೈಗೆ ಬಂದ ದುಡ್ಡು ಎಣಿಸಿದರೆ ಮುಗಿಯಿತು, ಚೀಟಿ ಬಟ್ಟಲಿನ ಕೆಳಗೆ ಮೇಜು ಹಾಳಾಗದಂತೆ ಹಾಸಲು ಹೋಗುತ್ತಿತ್ತು. ಪ್ಲಾಸ್ಟರು ಅಂಚಿನಲ್ಲಿ ಸುರಿದು ಗಟ್ಟಿಯಾದಾಗ ಅದರ ಮೇಲೆ ಮುಂದಿನ ತಿಂಗಳ ಚೀಟಿ. ಹೀಗೆ ವರ್ಷವಿಡೀ ಒಂದರ ಮೇಲೊಂದು. ಯಜಮಾನರ ಬಳಿ ಪ್ರತಿ ಇಲ್ಲವೇ ಎಂದರೆ, ಲೆಕ್ಕ ನೋಡುವವರು ಊರಲ್ಲಿಲ್ಲ, ಬರುವುದು ಮುಂದಿನ ತಿಂಗಳು. ಮುಂದಿನ ತಿಂಗಳಿಗೆ ಆ ಕೋಣೆಯಲ್ಲಿ ಮೀನು ಈಜುತ್ತಿರುತ್ತವೆ.

ಕೋಣೆಗೆ ಓಡಿ ಬಟ್ಟಲು ಎತ್ತಿದೆವು. ಕೆಳಗೆ ಅಂಗೈ ದಪ್ಪದ ಒಂದು ಬಿಲ್ಲೆ, ಕಲ್ಲಿನ ಹಾಗಿದೆ. ಯಜಮಾನರು ಮಂಜುಗಣ್ಣಿನಲ್ಲೇ ನೋಡಿ, ನನ್ನ ಜೀವಮಾನದಲ್ಲಿ ಸಂಬಳದ ಮೇಲೆ ಇಷ್ಟು ಗಟ್ಟಿಯಾದ ಹಿಡಿತ ಇಟ್ಟವರನ್ನು ಕಂಡಿಲ್ಲ ಎಂದರು. ನಾನು ಸುತ್ತಿಗೆ ಹುಡುಕತೊಡಗಿದೆ. ಅತ್ತಿಗೆ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ಅಷ್ಟು ಹೊತ್ತಿಗೆ ಅವರ ಮುಖಕ್ಕೆ ರಕ್ತ ಮರಳಿತ್ತು. ಬಿಳಿ ಕೋಟು ತೊಟ್ಟು, ಕನ್ನಡಕ ಏರಿಸಿ, ದೀಪದ ಮುಂದೆ ಕೂತರು.

ಅವರು ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತೆಳು ಚಾಕುವಿನಿಂದ ಪದರ ಪದರವಾಗಿ ಬಿಡಿಸಿದರು. ದವಡೆಯಿಂದ ಅಚ್ಚು ಬಿಡಿಸುವುದೂ ಹೀಗೆಯೇ, ಒತ್ತಿದರೆ ಮುರಿಯುತ್ತದೆ, ಕಾದರೆ ಬರುತ್ತದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಹೆಚ್ಚಿನ ಚೀಟಿಗಳು ಅಂಚು ಹರಿದರೂ ಓದಲು ಬರುವಂತೆ ಸಿಕ್ಕವು. ಒಂದು ಮಾತ್ರ ಹಟ ಹಿಡಿಯಿತು. ಕಡಿತದ ಮೊತ್ತ ಬರೆದ ಜಾಗದ ಮೇಲೆಯೇ ಪ್ಲಾಸ್ಟರು ಅಂಟಿಕೊಂಡು, ಚಾಕು ತಾಗಿಸಿದರೆ ಕಾಗದವೇ ಏಳುತ್ತಿತ್ತು. ಅತ್ತಿಗೆ ಎದ್ದು ಪಾಲಿಶ್ ಮಷೀನು ಹಾಕಿದರು. ಅತಿ ಮೆತ್ತನೆಯ ಚಕ್ರ ಸಿಕ್ಕಿಸಿ, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಟ್ಟಿಸಿಯೂ ಮುಟ್ಟಿಸದಂತೆ ಉಜ್ಜುತ್ತ ಹೋದರು. ನಾನೂ ಯಜಮಾನರೂ ಎರಡು ಕಡೆಯಿಂದ ಬಾಗಿ ನೋಡುತ್ತಿದ್ದೆವು. ಬಿಳಿಯ ಅಡಿಯಿಂದ ಮೊದಲು ಒಂದು ನೀಲಿ ಗೆರೆ ಕಂಡಿತು, ಆಮೇಲೆ ಅಂಕಿ, ಆಮೇಲೆ ಪೂರ್ತಿ ಮೊತ್ತ. ಕಾಗದ ಕೂದಲೆಳೆಯಷ್ಟೂ ಹರಿಯಲಿಲ್ಲ.

ಅತ್ತಿಗೆ ಮಷೀನು ನಿಲ್ಲಿಸಿ, ಧೂಳು ಊದಿ, ಬಿಳಿ ಹುಬ್ಬಿನಡಿಯಿಂದ ನನ್ನನ್ನು ನೋಡಿದರು. "ಉಜ್ಜೋದು ಉಪಯೋಗಕ್ಕೆ ಬರಲ್ಲ ಅಂದ್ಯಲ್ಲ, ಕಂಡಕ್ಟರಮ್ಮ."

ಸೋತೆ ಎಂದು ಒಪ್ಪಿಕೊಂಡು ಚೀಟಿಗಳನ್ನು ಜೋಡಿಸತೊಡಗಿದೆ. ಇಂಥದ್ದು ವರ್ಷಕ್ಕೊಮ್ಮೆ ಆಗುತ್ತದೆ.

ಮರುದಿನ ನಾನು ಇನ್ನೊಬ್ಬ ಕಂಡಕ್ಟರ ಜೊತೆ ಪಾಳಿ ಬದಲಾಯಿಸಿಕೊಂಡು ಮತ್ತೆ ಜೊತೆಗೆ ಹೋದೆ. ಕೌಂಟರಿನ ಹೆಂಗಸು ಚೀಟಿಗಳಿಂದ ಉದುರಿದ ಪುಡಿಯನ್ನು ಕೈಯಿಂದ ಸರಿಸಿ, ಕೂಡಿ ಕಳೆದು, ಆ ದಿನದವರೆಗಿನ ಬಡ್ಡಿ ಸೇರಿಸಿ ಒಂದು ಮೊತ್ತ ಬರೆದು ಮುಂದಿಟ್ಟರು. ಫೋನು ತೋರಿಸಿದ್ದರ ಅರ್ಧಕ್ಕಿಂತಲೂ ಕಡಿಮೆ. ಅತ್ತಿಗೆ ಇನ್ನೊಮ್ಮೆ ಕೂಡಿಸಿ ನೋಡಿ ಎಂದರು. ಆಕೆ ಕೂಡಿಸಿದರು, ಅಷ್ಟೇ ಬಂತು. ವಾರದೊಳಗೆ ಕಟ್ಟಿದರೆ ಇದೇ ಮೊತ್ತ, ಅಷ್ಟರಲ್ಲಿ ಯಜಮಾನರಿಗೆ ಹೇಳಿ ಕಡಿತ ನಿಲ್ಲಿಸಿ, ಎಂದರು. ಯಜಮಾನರು ಹಿಂದಿನ ಸಂಜೆಯೇ ನಿಲ್ಲಿಸುವುದಾಗಿ ಬರೆದು ಕೊಟ್ಟಿದ್ದರು.

ಬ್ಯಾಂಕಿನಲ್ಲಿ ಅತ್ತಿಗೆ ಮೊತ್ತ ಬರೆಯಲು ಪೆನ್ನು ಹಿಡಿದರು. ಬರೆದರು. ಕೊನೆಯ ಅಂಕಿಯ ಮೇಲೆ ಪೆನ್ನು ನಿಂತಿತು. ಆ ಕೈ ನನಗೆ ಗೊತ್ತು, ಅದು ನಾಲ್ವರಿಗೆ ಬದಲು ಆರು ಮಂದಿಗೆ ಬಡಿಸುವ ಕೈ.

"ಒಂಚೂರು, ಒಂದೇ ಒಂಚೂರು ಹೆಚ್ಚಿಗೆ," ಎಂದರು ನನ್ನ ಕಡೆ ನೋಡದೆ.

ಮೇಜಿನ ಕೆಳಗೆ ಅವರ ಕಾಲು ತುಳಿದೆ. ಪೆನ್ನು ಮುಂದೆ ಹೋಯಿತು. ಅತ್ತಿಗೆ ತಮ್ಮ ಜೀವನದಲ್ಲಿ ಯಾವುದಾದರೂ ಕೆಲಸವನ್ನು ಅಳತೆಗೆ ಸರಿಯಾಗಿ, ಒಂದು ಪದರವೂ ದಪ್ಪವಿಲ್ಲದೆ ಮಾಡಿದ್ದರೆ ಅದು ಅದೊಂದೇ ಎಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಬ್ಯಾಂಕಿನಿಂದ ಸೀದಾ ಕೋಣೆಯ ಮಾಲೀಕರಲ್ಲಿಗೆ ಹೋದೆವು. ಉಳಿದ ದುಡ್ಡು ಅಡ್ವಾನ್ಸಿಗೆ ಸರಿಹೋಗಿ, ಬಾಗಿಲಿಗೆ ಬಣ್ಣ ಬಳಿಸುವಷ್ಟು ಮಿಕ್ಕಿತು. ಮೀನಿನವರು ಎದುರು ಸಾಲಿನಲ್ಲಿ ನೆಲದ ಮೇಲಿನ ಮಳಿಗೆಯನ್ನೇ ಹಿಡಿದರು. ಬಿಸಿಲು ಬೀಳುವ ಜಾಗ, ತೊಟ್ಟಿಗಳಿಗೂ ಅದೇ ಲೇಸು ಎಂದು ಈಗ ಅವರೇ ಹೇಳುತ್ತಾರೆ. ಸಾಲ ತೀರಿತು, ಜಾಮೀನು ಬಿಟ್ಟಿತು ಎಂಬ ಕಾಗದ ಕೆಲವು ದಿನಗಳಲ್ಲೇ ಬಂತು. ಅತ್ತಿಗೆ ಅದನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಎರಡು ಸಲ ಓದಿ, ಮಡಚಿ ತಲೆದಿಂಬಿನ ಕೆಳಗಿಟ್ಟುಕೊಂಡು, ಅತ್ತಿಗೆಯ ಕೆನ್ನೆ ಸವರಿದಳು. ಆಮೇಲೆ ತಾನಾಗಿ, ಡಾಕ್ಟರ ಹತ್ತಿರ ಯಾವಾಗ ಹೋಗೋಣ ಎಂದು ಕೇಳಿದಳು. ಅತ್ತಿಗೆ ಸ್ನಾನದ ಮನೆಗೆ ಹೋಗಿ ನೀರು ಜೋರಾಗಿ ಬಿಟ್ಟುಕೊಂಡರು. ನಾನು ಹೊರಗೆ ನಿಂತು ಕಣ್ಣೊರೆಸಿಕೊಂಡೆ, ನನಗೇನು ನಾಚಿಕೆಯಿಲ್ಲ.

ಹೊಸ ಬೋರ್ಡಿನಡಿ ತಯಾರಾದ ಮೊದಲ ಸೆಟ್ಟು ಅಮ್ಮನದು. ಅಚ್ಚನ್ನು ಮೇಲಿನ ಡಾಕ್ಟರೇ ತೆಗೆದರು, ಹಲ್ಲುಗಳನ್ನು ಅತ್ತಿಗೆ ಅಮ್ಮನ ಹಳೆಯ ಫೋಟೋ ಮುಂದಿಟ್ಟುಕೊಂಡು ಒಂದೊಂದಾಗಿ ನಿಲ್ಲಿಸಿದರು. ಮುಂದಿನ ಎರಡರ ನಡುವೆ ಇದ್ದ ಸಣ್ಣ ಸಂದನ್ನೂ ಹಾಗೆಯೇ ಉಳಿಸಿದರು. ಹಾಕಿಕೊಳ್ಳುವ ದಿನ ನಾವು ಮೂವರೂ ಕೋಣೆಯಲ್ಲಿದ್ದೆವು, ಅಣ್ಣನೂ ಮಧ್ಯಾಹ್ನ ರಜೆ ಹಾಕಿ ಬಂದಿದ್ದ. ಅಮ್ಮ ಕುರ್ಚಿಯಲ್ಲಿ ಪರೀಕ್ಷೆಗೆ ಕೂತವಳ ಹಾಗೆ ನೆಟ್ಟಗೆ ಕೂತಳು. ಅತ್ತಿಗೆ ಸೆಟ್ಟು ಕೂರಿಸಿ, ನೀಲಿ ಕಾಗದ ಇಟ್ಟು ಕಚ್ಚಿಸಿದರು. ಒಂದು ಕಡೆ ಚುಕ್ಕೆ ಬಿತ್ತು, ಉಜ್ಜಿದರು. ಮತ್ತೆ ಕಚ್ಚಿಸಿದರು, ಇನ್ನೊಂದು ಕಡೆ ಉಜ್ಜಿದರು. ಮೂರನೇ ಸಲ ಎಲ್ಲ ಕಡೆಯೂ ಒಂದೇ ಸಮ.

ಅಮ್ಮ ತನ್ನ ಚೀಲ ಬಿಚ್ಚಿ ಪಿಂಚಣಿಯ ನೋಟುಗಳನ್ನು ತೆಗೆದಳು. ಸೊಸೆಯ ಅಂಗಡಿಯ ಮೊದಲ ಗಿರಾಕಿ ಬಿಟ್ಟಿಯಾಗಿ ಹೋಗಬಾರದಂತೆ. ಅತ್ತಿಗೆ ಎಷ್ಟು ಬೇಡವೆಂದರೂ ಕೇಳಲಿಲ್ಲ. ಕೊನೆಗೆ ಅತ್ತಿಗೆ ಪ್ಲಾಸ್ಟರಿನ, ಮೇಣದ, ಹಲ್ಲಿನ ಅಸಲು ಮಾತ್ರ ತೆಗೆದುಕೊಂಡು, ಮಿಕ್ಕದ್ದನ್ನು ಅಲ್ಲೇ ಎಣಿಸಿ ಅಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ತಗೊಳ್ಳಿ ಅತ್ತೆ, ಇಲ್ಲಿ ಹೆಚ್ಚಿಗೆ ಕಟ್ಟಿಸ್ಕೊಳ್ಳಲ್ಲ. ಚಿಲ್ಲರೆ ಕೈಗೇ ಕೊಡ್ತೀವಿ. ಟಿಕೆಟ್ ಹಿಂದೆ ಬರೆಯೋದಿಲ್ಲ."

ಅದು ನನಗೆ ಬಿದ್ದ ಏಟು. ನಾನು ಏನಾದರೂ ಹೇಳುವ ಮೊದಲೇ ಅಮ್ಮ ಬಾಯಿ ತೆರೆದಳು. ಹೊಸ ಹಲ್ಲಿನಲ್ಲಿ ಮೊದಲ ಮಾತು ಏನು ಬರುತ್ತದೋ ಎಂದು ಎಲ್ಲರೂ ಕಾದೆವು. ಆ ದಿನ ತಿಂಗಳ ಒಂದನೇ ತಾರೀಖು, ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಅವಳು ಗಮನಿಸಿದ್ದಳು.

"ಅಳಿಯನಿಗೆ ಬಡಿಸಿದ್ಯಾ?"

"ಅವನು ಎದ್ದು ಕೈ ತೊಳ್ಕೊಂಡು ಹೋದ, ಅತ್ತೆ," ಎಂದರು ಅತ್ತಿಗೆ. "ಹೊಟ್ಟೆ ತುಂಬಿತಂತೆ."

ಅಮ್ಮನಿಗೆ ನಗು ಬಂತು. ಕೈ ಅಭ್ಯಾಸದಂತೆ ಬಾಯಿಯ ಕಡೆಗೆ ಎದ್ದಿತು, ಅರ್ಧ ದಾರಿಯಲ್ಲಿ ನಿಂತಿತು, ಆಮೇಲೆ ಮೆಲ್ಲಗೆ ಇಳಿದು ಮಡಿಲಲ್ಲಿ ಚಿಲ್ಲರೆಯ ಮೇಲೆ ಕೂತಿತು. ಅವಳು ಹಿಂದೆ ನಗುತ್ತಿದ್ದ ಹಾಗೆಯೇ ನಕ್ಕಳು. ಕಿಟಕಿಯಾಚೆ ಬೀದಿಯಲ್ಲಿ ಹೋಗುತ್ತಿದ್ದ ಒಂದೆರಡು ಜೊತೆ ಚಪ್ಪಲಿಗಳು ನಿಂತು, ಕೇಳಿ, ಮುಂದೆ ಹೋದವು.